ಅಹವಾಲಿಲ್ಲದ ಅನುಮತಿ: ಬೀದರಿನ ಔಷಧ ಕಾರ್ಖಾನೆ ಮತ್ತು ಸೌರಶಕ್ತಿ

2023ರ ಮೇ ತಿಂಗಳಿಂದ 2024ರ ಜೂನ್‌ವರೆಗೆ ಬೀದರ್ ಜಿಲ್ಲೆಗೆ ಅಪರೂಪದ ಯೋಗವೊಂದು ಕೂಡಿಬಂದಿತ್ತು. ಔರಾದಿನ ಭಗವಂತ ಖೂಬಾ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದರು. ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ರಾಜ್ಯದ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಾಗಿದ್ದರು. ರಾಸಾಯನಿಕ ಮತ್ತು ರಸಗೊಬ್ಬರ ಖಾತೆಯೂ ಖೂಬಾ ಅವರ ಬಳಿಯೇ ಇತ್ತು. ಇಬ್ಬರ ರಾಜಕೀಯ ಈ ಟಿಪ್ಪಣಿಯ ವಿಷಯವಲ್ಲ. ಮಂತ್ರಿ ಯಾರೇ ಇರಲಿ, ಬೀದರಿಗೆ ಬರುವ ಔಷಧ ಕಾರ್ಖಾನೆಯೂ ಸೌರ ಸ್ಥಾವರವೂ ಊರವರ ಅಹವಾಲು ಕೇಳದೆಯೇ ಬರಲು ಕಾನೂನಿನಲ್ಲಿ ದಾರಿಯಿದೆ ಎಂಬುದಷ್ಟೇ ಇಲ್ಲಿನ ವಾದ.

ಮೊದಲು ಕೊಳಾರ. ಬೀದರ್ ನಗರದ ಹೊರವಲಯದ ಈ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲವಸ್ತು ತಯಾರಿಸುವ ಘಟಕಗಳಿವೆ. ದುರ್ವಾಸನೆ, ಬಾವಿ ನೀರು ಕೆಟ್ಟಿರುವುದು ಎಂಬ ದೂರು ನಿಜಾಂಪುರ, ಕೊಳಾರದ ಸುತ್ತಿನ ಊರುಗಳಿಂದ ವರ್ಷಗಳಿಂದ ಬರುತ್ತಿದೆ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ಇಂಥ ಘಟಕಗಳಿಗೆ ಪೂರ್ವಾನುಮತಿ ಬೇಕು. ಆದರೆ ಅದೇ ಅಧಿಸೂಚನೆ, ಅನುಮೋದಿತ ಕೈಗಾರಿಕಾ ವಸಾಹತುಗಳ ಒಳಗಿನ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. 2020ರ ಮಾರ್ಚ್ 27ರಂದು, ಕೋವಿಡ್ ನೆಪದಲ್ಲಿ, ಔಷಧ ಮೂಲವಸ್ತುಗಳ ಯೋಜನೆಗಳನ್ನು 'ಬಿ2' ವರ್ಗಕ್ಕೆ ಇಳಿಸಲಾಯಿತು. ಆ ವರ್ಗಕ್ಕೆ ಪರಿಣಾಮ ವರದಿಯೂ ಬೇಡ, ಅಹವಾಲು ಸಭೆಯೂ ಬೇಡ. ಆರು ತಿಂಗಳಿಗೆಂದು ಬಂದ ಸಡಿಲಿಕೆಯ ಗಡುವು ಆಮೇಲೆ ಮುಂದಕ್ಕೂ ಹೋಯಿತು.

ಬೀದರಿನ ನೆಲದ ಗುಣ ತಿಳಿದವರಿಗೆ ಇದು ಬರೀ ಕಾಗದದ ಮಾತಲ್ಲ. ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ತೂತು ತೂತಾದ ಈ ಕಲ್ಲು ಮಳೆನೀರನ್ನು ಸರಾಗವಾಗಿ ಕೆಳಗಿಳಿಸುತ್ತದೆ. ಅಡಿಯ ಕಪ್ಪುಶಿಲೆ ತಡೆಯುತ್ತದೆ. ನೀರು ಅಡ್ಡಕ್ಕೆ ಹರಿದು ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾದ ಬುಗ್ಗೆಯನ್ನು ನೋಡಿದವರು, ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡಿದವರು ಈ ಭೂವಿಜ್ಞಾನವನ್ನು ಮೈಯಲ್ಲೇ ಅರಿತಿದ್ದಾರೆ. ಬಹಮನಿ ಕಾಲದವರು ನೌಬಾದಿನ ಸುರಂಗ ಬಾವಿ ತೋಡಿದ್ದೂ ಇದೇ ಅಂತರ್ಜಲವನ್ನು ನಂಬಿ. ಮಳೆನೀರಿಗೆ ಬಿಟ್ಟ ದಾರಿಯನ್ನು ಈ ಕಲ್ಲು ತ್ಯಾಜ್ಯಕ್ಕೆ ಮುಚ್ಚುವುದಿಲ್ಲ.

ಮುಂದೇನಾಗಬಹುದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹೈದರಾಬಾದಿನ ಹಾದಿಯಲ್ಲಿರುವ, ಔಷಧ ಕಾರ್ಖಾನೆಗಳ ಪಟಾನ್‌ಚೆರುವಿನ ನಕ್ಕವಾಗು ಹಳ್ಳ ಸೇರುವುದು ನಮ್ಮ ಮಾಂಜ್ರಾ ನದಿಯನ್ನೇ. ಅಲ್ಲಿನ ಮಾಲಿನ್ಯದ ಮೊಕದ್ದಮೆ 1990ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2007ರಲ್ಲಿ ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ತಂಡ ಅಲ್ಲಿನ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ, ಅಂದರೆ ಸಂಸ್ಕರಿಸಿ ಬಿಟ್ಟ ನೀರಿನಲ್ಲಿ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕವನ್ನು ಕಂಡುಹಿಡಿಯಿತು. ಔಷಧಕ್ಕೆ ಬಗ್ಗದ ರೋಗಾಣು ಬೆಳೆಯಲು ಇದಕ್ಕಿಂತ ಹದವಾದ ನೆಲ ಬೇಕೆ? ತ್ಯಾಜ್ಯನೀರಿನಲ್ಲಿ ಪ್ರತಿಜೀವಕದ ಅಂಶಕ್ಕೆ ಮಿತಿ ಹಾಕುವ ಕರಡನ್ನು ಕೇಂದ್ರ 2020ರ ಜನವರಿಯಲ್ಲಿ ಹೊರಡಿಸಿತು. 2021ರ ಆಗಸ್ಟಿನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ.

ಇನ್ನು ಸೌರಶಕ್ತಿ. ಬೀದರಿಗೆ 2,500 ಮೆಗಾವ್ಯಾಟ್‌ನ ಸೌರ ವಲಯವನ್ನು ಗುರುತಿಸಿ, ವಿದ್ಯುತ್ತನ್ನು ತೆಲಂಗಾಣದ ಮಹೇಶ್ವರಂಗೆ ಒಯ್ಯಲು 765 ಕಿಲೋವೋಲ್ಟ್ ಮಾರ್ಗದ ಯೋಜನೆ ರೂಪಿಸಲಾಗಿದೆ. ಮೆಗಾವ್ಯಾಟಿಗೆ ನಾಲ್ಕೈದು ಎಕರೆಯಂತೆ ಹಿಡಿದರೂ ಇದಕ್ಕೆ 10,000 ಎಕರೆ ದಾಟುತ್ತದೆ. ಸೌರ ಫಲಕದ ಸ್ಥಾವರ 2006ರ ಅಧಿಸೂಚನೆಯ ವ್ಯಾಪ್ತಿಗೇ ಬರುವುದಿಲ್ಲ. ಹೊಗೆಯಿಲ್ಲ, ಹಾಗಾಗಿ ವಿನಾಯಿತಿ ನ್ಯಾಯವೇ ಎನ್ನಬಹುದು. ಅರ್ಧ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಪಾವಗಡದ ಸೌರ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ, ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಕೂಲಿಯವರಿಗಲ್ಲ. ತೊಗರಿ, ಉದ್ದು, ಸೋಯಾ ಬೆಳೆಯುವ, ಮಳೆಯನ್ನೇ ನೆಚ್ಚಿದ ಔರಾದಿನಂಥ ತಾಲ್ಲೂಕಿನಲ್ಲಿ ಈ ಪ್ರಶ್ನೆ ಕೇಳಲು ಒಂದು ಸಭೆಯಾದರೂ ಬೇಕು. ಸೌರಶಕ್ತಿಯನ್ನು ವಿರೋಧಿಸುವುದಕ್ಕಲ್ಲ, ಕೂಲಿಯವರ ಲೆಕ್ಕವನ್ನೂ ಕರಾರಿನಲ್ಲಿ ಬರೆಸುವುದಕ್ಕೆ.

ಕಾನೂನು ತಿದ್ದುವುದು ದೆಹಲಿಯ ಕೆಲಸ. ಅಷ್ಟರೊಳಗೆ ಬೀದರಿನಲ್ಲೇ ಮಾಡಬಹುದಾದ್ದೊಂದಿದೆ. 1974ರ ಜಲ ಮಾಲಿನ್ಯ ಕಾಯ್ದೆಯ 25ನೇ ಸೆಕ್ಷನ್ನಿನ 6ನೇ ಉಪವಿಧಿಯಂತೆ, ತ್ಯಾಜ್ಯ ಹೊರಬಿಡಲು ಕಾರ್ಖಾನೆಗಳಿಗೆ ವಿಧಿಸಿದ ಷರತ್ತುಗಳ ರಿಜಿಸ್ಟರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇಡಲೇಬೇಕು. ಆ ತ್ಯಾಜ್ಯದಿಂದ ಬಾಧಿತರಾದವರು ಯಾರೇ ಬಂದು ಕೇಳಿದರೂ ತೋರಿಸಬೇಕು. ಮಂಡಳಿಯ ಪ್ರಾದೇಶಿಕ ಕಚೇರಿ ಬೀದರಿನಲ್ಲೇ ಇದೆ. ನಿಜಾಂಪುರ, ಕೊಳಾರದ ಗ್ರಾಮಸಭೆಗಳು ಠರಾವು ಮಾಡಿ, ಆ ರಿಜಿಸ್ಟರ್ ಕೇಳಲಿ.