8088 ಸಂಸ್ಕಾರಕವೂ ನಮ್ಮ ಒತ್ತಕ್ಷರವೂ



ತೊಂಬತ್ತರ ದಶಕದಲ್ಲಿ ಒಂದು ಕಚೇರಿಯಿಂದ ನಮ್ಮ ಶಾಲೆಗೆ ಕಂಪ್ಯೂಟರಿನಲ್ಲಿ ಮುದ್ರಿಸಿದ ಕನ್ನಡದ ಪಟ್ಟಿಯೊಂದು ಬಂದಿತ್ತು. ಜಿಲ್ಲೆಯ ಹೆಸರು ‘ಚಿಕ್ಕಮಗಳೂರ’ ಎಂದಿತ್ತು. ಅದಕ್ಕೆ ನಕ್ಕು ಸುಮ್ಮನಾದೆವು. ಆದರೆ ಬಾಳೂರಿನ ವಿದ್ಯಾರ್ಥಿನಿಯೊಬ್ಬಳ ಹೆಸರಿನ ಕೊನೆಯ ಒತ್ತಕ್ಷರವೂ ಮುರಿದಿತ್ತು. ತಿದ್ದಿಸಲು ಅಲೆದಾಡಿ, ತೋಟದ ಕೆಲಸದ ಅವಳ ತಂದೆ ಎರಡು ದಿನದ ಕೂಲಿ ಕಳೆದುಕೊಂಡರು.

ಹೀಗೇಕಾಗುತ್ತದೆಂದು ಬಹುಕಾಲದ ಮೇಲೆ ವಿವರಿಸಿದವನು ನನ್ನ ಹಳೆಯ ಶಿಷ್ಯ. ಯಂತ್ರಕ್ಕೆ ತೀರ ಸಮೀಪವಾದ ಅಸೆಂಬ್ಲಿ ಭಾಷೆಯಲ್ಲಿ ಕ್ರಮವಿಧಿ ಬರೆಯುತ್ತಿದ್ದವನು.

1981ರ ಐಬಿಎಂ ಪಿಸಿಯಲ್ಲಿದ್ದುದು ಇಂಟೆಲ್ 8088 ಸಂಸ್ಕಾರಕ. ಅದರ ಗಡಿಯಾರ ಸೆಕೆಂಡಿಗೆ 47.7 ಲಕ್ಷ ಸಲ ಮಿಡಿಯುತ್ತಿತ್ತು. ಪದವೊಂದನ್ನು ನಕಲಿಸಲು ‘ಎತ್ತು, ಇಡು, ಮುಂದೆ ಸರಿ, ಎಣಿಸು’ ಎಂದು ಬಿಡಿಬಿಡಿಯಾಗಿ ಬರೆದರೆ ಒಂದು ಬೈಟಿಗೆ 50ರ ಸಮೀಪ ಮಿಡಿತಗಳು ಬೇಕು. ‘ರೆಪ್ ಮೂವ್ಸ್‌ಬಿ’ ಎಂಬ ಒಂದೇ ಆಜ್ಞೆಗೆ ಬೈಟಿಗೆ 17 ಸಾಕು. 8088 ಸ್ಮೃತಿಯಿಂದ ಸಲಕ್ಕೊಂದೇ ಬೈಟ್ ತರಬಲ್ಲದು. ಬಿಡಿ ಆಜ್ಞೆಗಳನ್ನು ಪ್ರತಿ ಸುತ್ತಿನಲ್ಲೂ ಮತ್ತೆ ತರಬೇಕು, ‘ರೆಪ್’ ಅನ್ನು ಒಮ್ಮೆ ತಂದರಾಯಿತು. ಕಾಫಿ ಕೊಯ್ಲಿನಲ್ಲಿ ಗಿಡಗಿಡಕ್ಕೂ ನಿಂತು ಹೇಳುವ ಬದಲು ‘ಈ ಸಾಲು ಮುಗಿಸಿ’ ಎಂದಂತೆ.

ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದ ಕಥೆ ಬೇರೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಬಳಸುತ್ತಿದ್ದ, 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ‘ಚಿಕ್ಕಮಗಳೂರು’ ಎಂಬ 6 ಅಕ್ಷರಗಳಿಗೆ 11 ಬೈಟ್; ‘ಕ್ಕ’ ಒಂದಕ್ಕೇ 3. ಅಂಕಣ 10 ಬೈಟಿನದಾದರೆ ಕೊನೆಯ ಕೊಂಬು ಹೊರಗುಳಿಯುತ್ತದೆ. ನಾಲ್ಕಕ್ಕೆ ಕತ್ತರಿಸಿದರೆ ‘ಚಿಕ್’! ಆಜ್ಞೆಗೆ ಗೊತ್ತಿರುವುದು ಬೈಟಿನ ಎಣಿಕೆ ಮಾತ್ರ, ಕಾಗುಣಿತವಲ್ಲ.

“ಹಾಗಾದರೆ ಕನ್ನಡಕ್ಕಾಗಿ ವೇಗ ಬಿಡಬೇಕೇನಪ್ಪಾ?” ಎಂದೆ.

“ಬೇಡ ಸಾರ್. ನಕಲಿಸುವಾಗ ಅಕ್ಷರಜ್ಞಾನ ಬೇಕಿಲ್ಲ, ಕತ್ತರಿಸುವಲ್ಲಿ ಮಾತ್ರ ಬೇಕು” ಎಂದ. ಮುಂದಿನ ಬೈಟ್ ಗುಣಿತಚಿಹ್ನೆಯೇ, ಹಲಂತವೇ, ಅಥವಾ ಹಿಂದಿನದು ಹಲಂತವೇ ಎಂದು ನೋಡಿ, ಹೌದಾದರೆ ಆ ಅಕ್ಷರದ ಆರಂಭಕ್ಕೆ ಹಿಂದೆ ಸರಿಯಬೇಕು. ಪದಕ್ಕೊಮ್ಮೆ ನಾಲ್ಕಾರು ಹೋಲಿಕೆ, ಅಷ್ಟೆ. ಕೂಲಿ ಕಳೆದುಕೊಂಡ ಆ ತಂದೆಯ ನೆನಪಾಗಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. (ಅಕ್ಷರವೇನೋ ಉಳಿದೀತು, ‘ಚಿಕ್ಕಮಗಳೂ’ ಯಾವ ಊರು? ಅಂಕಣವನ್ನೇ ಅಗಲಿಸಬೇಕಿತ್ತೆಂಬುದು ಗಣಿತದ ಮೇಷ್ಟರ ತಕರಾರು.)

1991ರ ಅಕ್ಟೋಬರಿನಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಅದನ್ನು ಯುಟಿಎಫ್-8 ರೂಪದಲ್ಲಿಟ್ಟಾಗ ‘ಚಿಕ್ಕಮಗಳೂರು’ 33 ಬೈಟ್ ತೆಗೆದುಕೊಳ್ಳುತ್ತದೆ. ಬೈಟುಗಳನ್ನಷ್ಟೇ ಎಣಿಸಿ ಕತ್ತರಿಸುವ ಕ್ರಮವಿಧಿಯು 10ನೆಯ ಬೈಟಿಗೆ ಅಲ್ಲಿ ಹಲಂತವನ್ನೇ ಸೀಳುತ್ತದೆ.