ಎರವಲು ಅಂಗಿ ತೊಟ್ಟ ಇಂಗ್ಲಿಷ್ ವ್ಯಾಕರಣ



ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಮಂತ್ರಪಠಣ ಶುರುವಾಗುತ್ತದೆ. ನೌನ್, ಪ್ರೊನೌನ್, ವರ್ಬ್, ಪ್ರಿಪೊಸಿಷನ್! ಮಕ್ಕಳು ಗಡಗಡನೆ ಒಪ್ಪಿಸುತ್ತಾರೆ. "ಹಾಗೆಂದರೆ ಏನೋ?" ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ ಹಿಂದಿಯೋ, ಶಾಲೆಯಲ್ಲಿ ಇಂಗ್ಲಿಷ್. ಇದರ ನಡುವೆ "ನನ್ನ ತಲೆಗೆ ಇದು ಹತ್ತುವುದೇ ಇಲ್ಲ" ಎಂದು ಮಗು ಕಣ್ಣೀರು ಹಾಕಿದರೆ ಒಂದು ಮಾತು ಹೇಳಿ. ಈ ಹೆಸರುಗಳು ಇಂಗ್ಲಿಷಿಗೂ ಹೊರಗಿನಿಂದ ಬಂದವೇ!

ಕಥೆ ಶುರುವಾಗುವುದು ಗ್ರೀಕ್ ಭಾಷೆಯಲ್ಲಿ. ಕ್ರಿಸ್ತಪೂರ್ವ 2ನೇ ಶತಮಾನದ ಡಯೊನಿಸಿಯಸ್ ಥ್ರಾಕ್ಸ್ ಎಂಬಾತನ ಹೆಸರಿನಲ್ಲಿ ಉಳಿದಿರುವ ಪುಟ್ಟ ವ್ಯಾಕರಣದಲ್ಲಿ ಪದಗಳಿಗೆ 8 ಜಾತಿ. ರೋಮಿನವರು ಆ ಲೆಕ್ಕವನ್ನೇ ಲ್ಯಾಟಿನ್ನಿಗೆ ತಂದರು. ಆದರೆ ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇರಲಿಲ್ಲ. ಒಂದು ಕಡಿಮೆಯಾಯಿತಲ್ಲ! "ಅಯ್ಯೋ", "ಆಹಾ" ಥರದ ಉದ್ಗಾರಗಳನ್ನು ಬೇರೆ ಜಾತಿ ಮಾಡಿ ಮತ್ತೆ 8 ತುಂಬಿಸಿದರು. ಅದೇ ಇಂದಿನ ಇಂಟರ್‌ಜೆಕ್ಷನ್.

ಸುಮಾರು 1000ನೇ ಇಸವಿಯ ಹೊತ್ತಿಗೆ ಇಂಗ್ಲೆಂಡಿನ ಆಲ್ಫ್ರಿಕ್ ಎಂಬ ಸನ್ಯಾಸಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಒಂದು ವ್ಯಾಕರಣ ಬರೆದ. ವಿವರಣೆಯೆಲ್ಲ ಅಂದಿನ ಇಂಗ್ಲಿಷಿನಲ್ಲೇ. ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ತನ್ನ ಜನರ ಮಾತುಗಳನ್ನೂ ಇಟ್ಟ. ನೌನ್ ಎಂದರೆ ಅವನಿಗೆ ಬರಿಯ "ನಾಮ". ಎಷ್ಟು ಸುಲಭ! ಆದರೆ 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಓದುಬರಹವೆಲ್ಲ ಫ್ರೆಂಚ್, ಲ್ಯಾಟಿನ್ ಪಾಲಾಯಿತು. ಆ ಮನೆಮಾತಿನ ಹೆಸರುಗಳು ಮರೆಗೆ ಸರಿದವು.

1586ರಲ್ಲಿ ವಿಲಿಯಂ ಬುಲ್ಲೋಕರ್ ಇಂಗ್ಲಿಷಿಗೇ ಒಂದು ವ್ಯಾಕರಣ ಅಚ್ಚು ಹಾಕಿಸಿದ. ಇಂಗ್ಲಿಷಿಗೂ ನಿಯಮಗಳಿವೆ ಎಂದು ತೋರಿಸುವ ಹಟ ಅವನದು. ಆದರೆ ಅಳತೆಗೆ ಹಿಡಿದದ್ದು ಅಂದಿನ ಶಾಲೆಗಳ ಲ್ಯಾಟಿನ್ ವ್ಯಾಕರಣವನ್ನೇ. ಯಾರದೋ ಮೈಯಳತೆಗೆ ಹೊಲಿದ ಅಂಗಿ ಹೀಗೆ ಇಂಗ್ಲಿಷಿನ ಮೈಮೇಲೆ ಬಂತು.

ಅದು ಎಲ್ಲಿ ಬಿಗಿಯಾಯಿತು ಗೊತ್ತೇ? ಪ್ರಿಪೊಸಿಷನ್ ಎಂದರೆ ಲ್ಯಾಟಿನ್ನಿನಲ್ಲಿ "ಮುಂದೆ ಇಟ್ಟದ್ದು". ಹೆಸರೇ ಹಾಗಿದ್ದ ಮೇಲೆ ವಾಕ್ಯದ ಕೊನೆಯಲ್ಲಿ ಅದು ಬರಬಹುದೇ? ಕವಿ ಡ್ರೈಡನ್ 1672ರಲ್ಲೇ ಇದನ್ನು ತಪ್ಪೆಂದ. 1762ರಲ್ಲಿ ರಾಬರ್ಟ್ ಲೌತ್ ಸ್ವಲ್ಪ ಮೃದುವಾಗಿ, ನಮ್ಮ ಭಾಷೆಗೆ ಹಾಗೆ ಕೊನೆಗಿಡುವ ಒಲವಿದೆ, ಆದರೆ ಗಂಭೀರ ಬರಹಕ್ಕೆ ಮುಂದಿಡುವುದೇ ಚೆನ್ನ ಎಂದ. ತಮಾಷೆ ಎಂದರೆ ಆ ಒಲವಿನ ಮಾತನ್ನು ಬರೆಯುವಾಗ ಅವನೇ ಪ್ರಿಪೊಸಿಷನನ್ನು ಕೊನೆಗಿಟ್ಟಿದ್ದ! 1795ರಲ್ಲಿ ಲಿಂಡ್ಲಿ ಮರೆ ತನ್ನ ಪಠ್ಯಪುಸ್ತಕಕ್ಕೆ ಅದೇ ಮಾತನ್ನು ತೆಗೆದುಕೊಂಡು, ಆ ಪ್ರಿಪೊಸಿಷನನ್ನು ಸದ್ದಿಲ್ಲದೆ ಮುಂದಕ್ಕೆ ಸರಿಸಿದ. ಆ ಪುಸ್ತಕ ಲೆಕ್ಕವಿಲ್ಲದಷ್ಟು ಶಾಲೆಗಳಲ್ಲಿ ಪಾಠವಾಯಿತು. ನನ್ನ ಶಾಲೆಯ ಉತ್ತರಪತ್ರಿಕೆಯಲ್ಲೂ ಇದೇ ತಪ್ಪಿಗೆ ಕೆಂಪು ಶಾಯಿ ಬಿದ್ದಿತ್ತು. ಎಷ್ಟೋ ವರ್ಷ ಅದು ನನ್ನ ದಡ್ಡತನ ಎಂದೇ ತಿಳಿದಿದ್ದೆ.

ನಮ್ಮ ಮಕ್ಕಳಿಗೆ ಇದು ಇನ್ನೂ ಕಷ್ಟ. ಕನ್ನಡದಲ್ಲಿ "ಮನೆಯಲ್ಲಿ" ಎನ್ನುವಾಗ "ಅಲ್ಲಿ" ಹಿಂದೆ ಬರುತ್ತದೆ, ಇಂಗ್ಲಿಷಿನಲ್ಲಿ "ಇನ್" ಮುಂದೆ ಬರುತ್ತದೆ. ಇಷ್ಟನ್ನು ತಾಯಿಯೋ ಅಜ್ಜಿಯೋ ಹೇಳಿಕೊಟ್ಟರೆ ಸಾಕು, ಅರ್ಧ ಪಾಠ ಮುಗಿದಂತೆ.

ಪದ್ಯದ ಕಥೆಯೂ ಹೀಗೆಯೇ. ಸಾನೆಟ್ ಇಟಲಿಯಿಂದ ಬಂದದ್ದು. 16ನೇ ಶತಮಾನದಲ್ಲಿ ಥಾಮಸ್ ವಯಟ್ ಮತ್ತು ಸರ್ರೆಯ ಅರ್ಲ್ ಅದನ್ನು ಇಂಗ್ಲಿಷಿಗೆ ತಂದರು. ಇಟಾಲಿಯನ್ನಿನಷ್ಟು ಪ್ರಾಸ ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಹಾಗಾಗಿ ಸರ್ರೆ ಅದನ್ನು ನಾಲ್ಕು ಸಾಲಿನ ಮೂರು ತುಂಡು, ಕೊನೆಗೊಂದು ಜೋಡಿ ಎಂದು ಬದಲಿಸಿದ. ಅಂಗಿಯನ್ನು ಮೈಗೆ ತಕ್ಕಂತೆ ಹೊಲಿಸಿಕೊಂಡದ್ದು ಇಲ್ಲಿ! ಶೇಕ್ಸ್‌ಪಿಯರ್ ಹಿಡಿದದ್ದೂ ಅದೇ ದಾರಿ. ಕನ್ನಡಕ್ಕೆ ಬಂದಾಗ ಸಾನೆಟ್ "ಸುನೀತ"ವಾಯಿತು. ಇನ್ನು ಐಯಾಂಬ್ ಎಂದರೆ ಹೆದರಬೇಕಿಲ್ಲ. ಗ್ರೀಕರಲ್ಲಿ ಅದು ನಮ್ಮ ಲಘು-ಗುರುವಿನಂತೆ ಒಂದು ಗಿಡ್ಡ, ಒಂದು ಉದ್ದ. ಇಂಗ್ಲಿಷಿನಲ್ಲಿ ಉದ್ದದ ಬದಲು ಒತ್ತು, ಅಷ್ಟೇ.

ವಾದ ಬರೆಯುವಾಗ ಬರುವ ಈಥಾಸ್, ಪೇಥಾಸ್, ಲೋಗಾಸ್ ಎಂಬ ಮೂರು ಮಾತುಗಳು ಅರಿಸ್ಟಾಟಲ್‌ನವು. ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ. ಮನೆಯಲ್ಲಿ ಪಿಕ್ನಿಕ್‌ಗೆ ಒಪ್ಪಿಗೆ ಕೇಳುವಾಗ ಮಕ್ಕಳು ಈ ಮೂರನ್ನೂ ಚೆನ್ನಾಗಿಯೇ ಬಳಸುತ್ತಾರೆ!

ಕೊನೆಗೆ "ಎಸ್ಸೇ". 1580ರಲ್ಲಿ ಫ್ರಾನ್ಸಿನ ಮೊಂಟೇನ್ ತನ್ನ ಬರಹಗಳಿಗೆ ಇಟ್ಟ ಹೆಸರು ಅದು. ಅರ್ಥ, "ಪ್ರಯತ್ನ". ಖಾಲಿ ಹಾಳೆಯ ಮುಂದೆ ಪೆನ್ನು ಕಚ್ಚುತ್ತ ಕೂತ ಮಗುವಿಗೆ ಇದೊಂದನ್ನು ಹೇಳಿ ನೋಡಿ. ಕೇಳಿರುವುದು ಒಂದು ಪ್ರಯತ್ನವನ್ನು ಮಾತ್ರ.