ಅಂಕಿ ಏರಿದರೆ ಪಾಪ ಏರಿತೇ?

ನಮ್ಮ ಲಿಂಗನೂರಿನ ಕಟ್ಟೆಯ ಮೇಲೆ ಪೇಪರ್ ಓದುವಾಗ ಒಂದು ಮಾತು ತಪ್ಪದೆ ಬರುತ್ತದೆ: "ಹಿಂದಕ ಇಷ್ಟ ಕೇಸ ಇರಲಿಲ್ಲ ಬಿಡ್ರಿ, ಈಗ ಕಾಲ ಕೆಟ್ಟೈತಿ." ಕೆಟ್ಟಿರಬಹುದು. ಆದರೆ ಹಿಂದೆ ಯಾವುದನ್ನು ಅಪರಾಧವೆಂದು ಎಣಿಸುತ್ತಿದ್ದರು ಎಂಬುದನ್ನು ಮೊದಲು ನೋಡಬೇಕು. ಗಂಡ ಹೆಂಡತಿಗೆ ಹೊಡೆಯುವ ಸಂಗತಿಯನ್ನೇ ತೆಗೆದುಕೊಳ್ಳೋಣ.

1860ರ ಭಾರತೀಯ ದಂಡ ಸಂಹಿತೆಯಲ್ಲಿ ಹೊಡೆತಕ್ಕೆ ಕಲಮುಗಳಿದ್ದವು; ಗಂಡನ ಕ್ರೌರ್ಯಕ್ಕೆಂದು ಬೇರೆ ಕಲಮು ಇರಲಿಲ್ಲ. 1983ರಲ್ಲಿ 498ಎ ಸೇರಿತು. ಆತ್ಮಹತ್ಯೆಗೆ ದೂಡುವಂಥ ಇಲ್ಲವೆ ಜೀವಕ್ಕೆ, ಆರೋಗ್ಯಕ್ಕೆ ಭಾರೀ ಅಪಾಯ ತರುವಂಥ ನಡತೆ, ವರದಕ್ಷಿಣೆಯ ಕಿರುಕುಳ ಇವೆಲ್ಲ ಅದರೊಳಗೆ ಬಂದವು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಬಿದ್ದ ಒಂದು ಏಟು ಅದರೊಳಗೆ ಸುಲಭವಾಗಿ ಬರುವುದಿಲ್ಲ. ಇನ್ನೊಂದು ಮಾತು: ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಎಲ್ಲಕ್ಕಿಂತ ದೊಡ್ಡದನ್ನಷ್ಟೇ ಎಣಿಸುತ್ತದೆ. ಹೆಂಡತಿಯ ಕೊಲೆಯಾದರೆ ಅದಕ್ಕೂ ಮೊದಲಿನ ಕ್ರೌರ್ಯ ಕೊಲೆಯ ಲೆಕ್ಕದಲ್ಲೇ ಮುಳುಗುತ್ತದೆ.

ಠಾಣೆಯ ಮೆಟ್ಟಿಲು ಹತ್ತದವರ ಮಾತು ಕೇಳಲು ಸರ್ಕಾರ ಮನೆಮನೆಗೂ ಬಂತು. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಯಾರಾದರೂ ಹೊಡೆದಿದ್ದಾರೆಯೇ, ಹಿಂಸಿಸಿದ್ದಾರೆಯೇ ಎಂದು ಒಟ್ಟಾಗಿ ಕೇಳಿದರು. ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 19 ಮಂದಿ ಗಂಡನ ಕಡೆ ಬೆರಳು ತೋರಿದರು. 2005-06ರಲ್ಲಿ ಬಿಡಿಸಿ ಬಿಡಿಸಿ ಕೇಳಿದರು: ದೂಡಿದನೇ? ಕಪಾಳಕ್ಕೆ ಹೊಡೆದನೇ? ಕೈ ತಿರುವಿದನೇ? ಕೂದಲು ಹಿಡಿದು ಎಳೆದನೇ? ಒದ್ದನೇ? ಈ ಸಲ ನೂರಕ್ಕೆ 35 ಬಂತು. ಏಳೇ ವರ್ಷದಲ್ಲಿ ಗಂಡಸರು ಅಷ್ಟು ಕೆಟ್ಟರೇ? ಹಾಗೆ ಹೇಳಲು ಬರುವುದಿಲ್ಲ. ಒಂದನ್ನು ಸೇರಿನಿಂದ, ಇನ್ನೊಂದನ್ನು ಪಾವಿನಿಂದ ಅಳೆದಂತಾಯಿತು.

ಪ್ರಶ್ನೆಯ ಈ ಗುಟ್ಟು ನನಗೆ ತಿಳಿದದ್ದು ನಮ್ಮ ಅತ್ತಿಯಿಂದ. ಒಮ್ಮೆ ಕೇಳಿದೆ: "ಅತ್ತೀ, ಮಾಮಾ ನಿನಗ ಹೊಡೀತಿದ್ನೇನ?"

"ಇಲ್ಲಪ್ಪಾ, ದೇವರಂಥಾ ಮನಷ್ಯಾ."

"ಕೂದಲಾ ಹಿಡದ ಎಳದಿದ್ದಿಲ್ಲೇನ?"

"ಅದೇನ ಹೊಡತಾ ಏನೋ? ಸಂಸಾರ ಅಂದ್ರ ಅಷ್ಟ ಇರತೈತಿ."

ಅತ್ತಿ ಸುಳ್ಳು ಹೇಳಲಿಲ್ಲ. ಆಕೆಯ ಲೆಕ್ಕದಲ್ಲಿ ಹೊಡೆತವೆಂದರೆ ರಕ್ತ ಬರಬೇಕು.

2024ರ ಜುಲೈ 1ರಿಂದ 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಬಂದಿದೆ. ಗುರುಗಳು ಮಕ್ಕಳಿಗೆ ಅಂಕಿ ಓದಿಸುವಾಗ "ಎಷ್ಟು" ಎನ್ನುವುದಕ್ಕೂ ಮೊದಲು "ಯಾವುದನ್ನು, ಹೇಗೆ ಕೇಳಿ ಎಣಿಸಿದರು" ಎಂದು ಕೇಳಲು ಕಲಿಸಲಿ. ಕೇಸು ಇಲ್ಲದ ಊರೆಲ್ಲ ಸುಖದ ಊರಲ್ಲ. ನಮ್ಮ ಅತ್ತಿಯ ಹೆಸರು ಯಾವ ದಫ್ತರದಲ್ಲೂ ಇಲ್ಲ.